ಒಂಟಿ ಕಾಲಿನ ಕೊಕ್ಕರೆ ನಿಲ್ಲುತ್ತಿಲ್ಲ! ಒರಿಗಾಮಿಗೆ ಸ್ಟ್ಯಾಂಡ್ ಮಾಡೋದು ಹೇಗೆ?

ಕಾಗದದೋಣಿ · ಸೆಪ್ಟೆಂಬರ್ 6, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಈ ಸಲ ಗೊಂಬೆ ಹಬ್ಬಕ್ಕೆ ಒಂದು ಮೆಟ್ಟಿಲು ಪೂರ್ತಿ ಒರಿಗಾಮಿ ಇಡುತ್ತೇನೆ ಅಂತ ಮನೆಯಲ್ಲಿ ಹೇಳಿಬಿಟ್ಟಿದ್ದೇನೆ. ಅತ್ತೆ ಒಪ್ಪಿದ್ದಾರೆ. ಪಟ್ಟದ ಗೊಂಬೆ ಇರುವ ಮೇಲಿನ ಮೆಟ್ಟಿಲಿಗೆ ಮಾತ್ರ ಕೈ ಹಾಕಬೇಡ ಅಂದಿದ್ದಾರೆ.

ಮಡಚುವ ಕೆಲಸ ಮುಗಿದಿದೆ. ನಿಲ್ಲಿಸುವ ಕೆಲಸವೇ ಆಗುತ್ತಿಲ್ಲ.

ಆನೆಯನ್ನು 35 ಸೆಂ.ಮೀ. ಚೌಕದ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕ್ರಾಫ್ಟ್ ಪೇಪರ್‌ನಲ್ಲಿ ಮಾಡಿದ್ದು. ಮಡಚಿದ ದಿನ ಗಟ್ಟಿಯಾಗಿ ನಿಂತಿತ್ತು. ನಮ್ಮದು ಸಾಗರದ ಹತ್ತಿರ, ಮಳೆ ಇನ್ನೂ ಬಿಟ್ಟಿಲ್ಲ. ವಾರದೊಳಗೆ ನಾಲ್ಕೂ ಕಾಲು ಅಗಲಿಸಿಕೊಂಡು ಹೊಟ್ಟೆ ನೆಲಕ್ಕೆ ಹಚ್ಚಿ ಕೂತಿದೆ. ಗಿಡುಗ ಹಾರುವ ಭಂಗಿಯಲ್ಲಿದೆ, ಮೇಜಿನ ಮೇಲಿಟ್ಟರೆ ಸತ್ತು ಬಿದ್ದ ಹಾಗೆ ಕಾಣುತ್ತದೆ. ಮಡಚಿದ ತುಂಡುಗಳನ್ನು ಸೇರಿಸಿ ಮಾಡಿದ, 12 ಸೆಂ.ಮೀ. ಅಗಲದ ಕುಸುದಾಮ ಚೆಂಡು ಉರುಳಿ ಹೋಗುತ್ತದೆ. ಎಲ್ಲಕ್ಕಿಂತ ದೊಡ್ಡ ತಲೆನೋವು ಕೊಕ್ಕರೆ. ಒಂದೇ ಕಾಲು, ಕಡ್ಡಿಪೆಟ್ಟಿಗೆಯ ಕಡ್ಡಿಗಿಂತ ಸ್ವಲ್ಪ ದಪ್ಪ. ಪಾದಕ್ಕೆ ಫೆವಿಕಾಲ್ ಸುರಿದು ರಟ್ಟಿಗೆ ಅಂಟಿಸಿದೆ. ಅಂಟಿನ ನೀರು ಕಾಲಿಗೆ ಏರಿ ಅದು ನೆನೆದ ಶ್ಯಾವಿಗೆ ಆಯಿತು. ಇನ್ನೊಂದು ಮಡಚಿದ್ದೇನೆ. ಮೂರನೆಯದಕ್ಕೆ ತಾಳ್ಮೆ ಇಲ್ಲ.

ಅಂಗಡಿಯ ಪ್ಲಾಸ್ಟಿಕ್ ಸ್ಟ್ಯಾಂಡ್ ಬೇಡ. ಮನೆಯಲ್ಲೇ ಏನಾದರೂ ಮಾಡಬಹುದಾ?

ತಂತಿಮಾಮ · ಸೆಪ್ಟೆಂಬರ್ 6, ರಾತ್ರಿ 10:25

ಮೇಡಂ, ಮೊದಲು ಫೆವಿಕಾಲ್ ಡಬ್ಬಿ ಮುಚ್ಚಿ ಎತ್ತಿಡಿ.

ಎಲ್ಲರೂ ಪಾದ ಹಿಡಿದು ನಿಲ್ಲಿಸಲು ಹೋಗುತ್ತಾರೆ. ಕಾಗದದ ಪ್ರಾಣಿಯ ಭಾರ ಇರುವುದು ಹೊಟ್ಟೆಯಲ್ಲಿ. ಪದರಗಳೆಲ್ಲ ಅಲ್ಲೇ ಸೇರಿರುತ್ತವೆ. ಹಾಗಾಗಿ ಹಿಡಿಯಬೇಕಾದ್ದು ಹೊಟ್ಟೆಯನ್ನು. ಕಾಲು ಸುಮ್ನೆ ನೆಲಕ್ಕೆ ತಾಗಿದ ಹಾಗೆ ಕಂಡರೆ ಸಾಕು.

ನಾನು ಮಾಡುವುದು ಹೀಗೆ. 18 ಗೇಜಿನ ಹಿತ್ತಾಳೆ ತಂತಿ, ಅಂದರೆ ಸುಮಾರು 1.2 ಎಂಎಂ. ಸಿಗದಿದ್ದರೆ ಹಳೇ ವೈರಿಂಗ್ ಬಿಚ್ಚಿದಾಗ ಬರುವ 1/18ರ (18 ಗೇಜಿನ ಒಂಟಿ ಎಳೆಯ) ತಾಮ್ರದ ತಂತಿ. ತಾಮ್ರ ಮೆತ್ತಗಿರುತ್ತದೆ. ಒಂದು ತುದಿಯನ್ನು ಕಿಟಕಿ ಸರಳಿಗೆ ಕಟ್ಟಿ ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು ಜೋರಾಗಿ ಜಗ್ಗಿ. ಒಂಚೂರು ಹಿಗ್ಗಿದ್ದು ಕೈಗೆ ಗೊತ್ತಾಗುತ್ತದೆ. ಆಮೇಲೆ ಅದು ನೆಟ್ಟಗೂ ಆಗುತ್ತದೆ, ಬಿರುಸೂ ಆಗುತ್ತದೆ. ಕಂಬಿ ಕಟ್ಟುವ ಕಪ್ಪು ಬೈಂಡಿಂಗ್ ವೈರ್ ಮಾತ್ರ ಬೇಡ. ನಿಮ್ಮ ಮಳೆಗೆ ತುಕ್ಕು ಹಿಡಿದು ಕಾಗದಕ್ಕೆ ಕಲೆ ಮಾಡುತ್ತದೆ.

ತಂತಿಯ ಮೇಲ್ತುದಿ ಒಂದು ಸೆಂ.ಮೀ. ಅಷ್ಟನ್ನು ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿ. ಜಾಸ್ತಿ ಹೊಡೆದರೆ ಹಿತ್ತಾಳೆ ಸೀಳು ಬಿಡುತ್ತದೆ, ಹದವಾಗಿ ಹೊಡೆಯಿರಿ. ಅಂಚನ್ನು ಅರದಿಂದ ಉಜ್ಜಿ. ಪ್ರಾಣಿಯ ಹೊಟ್ಟೆಯ ಕೆಳಗೆ ಎರಡು ಪದರ ಸೇರುವ ಕಡೆ ಒಂದು ಜೇಬು ಇದ್ದೇ ಇರುತ್ತದೆ. ಚಪ್ಪಟೆ ತುದಿ ಅದರೊಳಗೆ ಜಾರಬೇಕು. ಅಂಟು ಬೇಡ. ಹಬ್ಬ ಮುಗಿದ ಮೇಲೆ ಎಳೆದರೆ ಬಂದುಬಿಡಬೇಕು.

ಗೆರೆಮಡಿಕೆ · ಸೆಪ್ಟೆಂಬರ್ 7, ಬೆಳಿಗ್ಗೆ 7:10

ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಒಂದೇ ಹಾಳೆ, ಕತ್ತರಿ ಇಲ್ಲ, ಅಂಟಿಲ್ಲ. ಒರಿಗಾಮಿ ಅಂದರೆ ಅದೇ ತಾನೆ? ಹೊಟ್ಟೆಯೊಳಗೆ ತಂತಿ ತುರುಕಿದ ಮೇಲೆ ಅದು ಬೊಂಬೆ ಆಯಿತು. ನಿಲ್ಲದ ಕೊಕ್ಕರೆ ಅಂದರೆ ಮಡಿಕೆಯಲ್ಲೇ ಏನೋ ತಪ್ಪಿದೆ. ಮಾಡೆಲ್ ಬದಲಿಸಿ.

ತಂತಿಮಾಮ · ಸೆಪ್ಟೆಂಬರ್ 7, ಬೆಳಿಗ್ಗೆ 8:02

ಗೊಂಬೆ ಹಬ್ಬಕ್ಕೇ ತಾನೆ ಇಡ್ತಿರೋದು, ಬೊಂಬೆ ಆದರೆ ಆಗಲಿ ಬಿಡಿ ಸರ್ :)

ಬಸಳೆಚಪ್ಪರ · ಸೆಪ್ಟೆಂಬರ್ 7, ಬೆಳಿಗ್ಗೆ 11:30

ಗೆರೆಮಡಿಕೆಯವರ ಮಾತು ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಆದರೆ ಸ್ಟ್ಯಾಂಡ್ ಬೇರೆ, ಮಾಡೆಲ್ ಬೇರೆ. ಚಿತ್ರಕ್ಕೆ ಕಟ್ಟು ಹಾಕಿಸಿದರೆ ಚಿತ್ರ ಕೆಟ್ಟಿತು ಅಂತೀವಾ?

ಸಾವಿರ ಕೊಕ್ಕರೆ ಮಾಡುವ ಜಪಾನಿನವರೂ ಅವನ್ನು ಬಿಡಿಬಿಡಿಯಾಗಿ ರಾಶಿ ಹಾಕುವುದಿಲ್ಲ. ದಾರಕ್ಕೆ ಪೋಣಿಸುತ್ತಾರೆ. ಸಾಮಾನ್ಯವಾಗಿ 40ರಂತೆ 25 ಎಳೆ. ಹಕ್ಕಿಯ ಬೆನ್ನಿಗೆ ಸೂಜಿ ಚುಚ್ಚುತ್ತಾರೆ, ತುದಿಗೆ ಮಣಿ ಕಟ್ಟುತ್ತಾರೆ. ಯಾರೂ ಅದನ್ನು ಮೋಸ ಅನ್ನುವುದಿಲ್ಲ.

ನಾನಿರುವುದು ಮಂಗಳೂರು. ಕಾಲು ಅಗಲಿಸುವ ರೋಗ ನನಗೆ ಚೆನ್ನಾಗಿ ಗೊತ್ತು. ಕಾಗದ ತೇವ ಹೀರುತ್ತದೆ, ನಾರು ಸಡಿಲ ಆಗುತ್ತದೆ, ಮಡಿಕೆ ಬಿಚ್ಚಿಕೊಳ್ಳಲು ನೋಡುತ್ತದೆ. ಇದೇ ಗುಣವನ್ನು ಉಪಯೋಗಕ್ಕೆ ತಂದವರು ಜಪಾನಿನ ಒರಿಗಾಮಿ ಕಲಾವಿದ ಅಕಿರಾ ಯೋಶಿಜಾವಾ (1911–2005). ದಪ್ಪ ಕಾಗದವನ್ನು ಒದ್ದೆ ಮಾಡಿ ಮಡಚುವ ವಿಧಾನ ಅವರದ್ದು. ಕಾಗದ ಮಾಡುವಾಗ ಹಾಕಿರುವ ಗಂಜಿಯಂಥ ಅಂಶ ನೀರಿಗೆ ಸಡಿಲಾಗುತ್ತದೆ, ಒಣಗಿದಾಗ ಮತ್ತೆ ಗಟ್ಟಿಯಾಗಿ ಆಕಾರವನ್ನು ಹಿಡಿದಿಡುತ್ತದೆ. ನಿಮ್ಮ ಆನೆಗೂ ಇದನ್ನೇ ಮಾಡಬಹುದು. ತೆಳು ಕ್ರಾಫ್ಟ್‌ನಲ್ಲಿ ಆ ಅಂಶ ಕಡಿಮೆ, ಹಾಗಾಗಿ ನಾವೇ ಸೇರಿಸಬೇಕು.

ಮೀಥೈಲ್ ಸೆಲ್ಯುಲೋಸ್ ಅನ್ನುವ ಅಂಟಿನ ಪುಡಿ ತರಿಸಿ. ಒಂದು ಲೋಟ ನೀರಿಗೆ ಒಂದು ಟೀ ಚಮಚ. ಒಂದು ವಿಚಿತ್ರ ಏನಂದರೆ ಇದು ಬಿಸಿ ನೀರಲ್ಲಿ ಕರಗುವುದಿಲ್ಲ. ಸ್ವಲ್ಪ ಬಿಸಿ ನೀರಲ್ಲಿ ಗಂಟಿಲ್ಲದಂತೆ ಕದಡಿ, ಆಮೇಲೆ ತಣ್ಣೀರು ಸೇರಿಸಿ ಬಿಟ್ಟರೆ ತಣಿಯುತ್ತಾ ಲೋಳೆಯಾಗುತ್ತದೆ. ಬ್ರಷ್‌ನಿಂದ ಕಾಲುಗಳ ಒಳಭಾಗಕ್ಕೆ ಮಾತ್ರ ತೆಳ್ಳಗೆ ಬಳಿಯಿರಿ. ಕಾಲನ್ನು ಬೇಕಾದ ಹಾಗೆ ಒತ್ತಿ ಬಟ್ಟೆ ಕ್ಲಿಪ್ ಹಾಕಿ ಒಂದು ರಾತ್ರಿ ಬಿಡಿ. ಕ್ಲಿಪ್ಪಿನ ಅಚ್ಚು ಬೀಳದ ಹಾಗೆ ನಡುವೆ ರಟ್ಟಿನ ಚೂರು ಇಡಿ.

ಮೈದಾ ಅಂಟು ಹಾಕೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನಾನು ಒಮ್ಮೆ ಹಾಕಿದ್ದೆ. ಜಿರಳೆಗಳು ನನ್ನ ಖಡ್ಗಮೃಗದ ಮೂತಿ ತಿಂದುಬಿಟ್ಟವು.

ಬಿಸಿಲೂರು · ಸೆಪ್ಟೆಂಬರ್ 7, ಮಧ್ಯಾಹ್ನ 2:15

ನಮ್ಮ ರಾಯಚೂರಲ್ಲಿ ತೇವದ ಕಾಟ ಇಲ್ಲ, ಕಾಟ ಬೇರೆ. ಗ್ಲೂ ಗನ್ ಹಚ್ಚಿ ಆರು ಸ್ಟ್ಯಾಂಡ್ ಮಾಡಿ, ಶಾಲೆಯ ಪ್ರದರ್ಶನಕ್ಕೆ ಅಂತ ಕಾರಿನಲ್ಲಿ ಇಟ್ಟು ಊಟಕ್ಕೆ ಹೋಗಿದ್ದೆ. ಏಪ್ರಿಲ್ ತಿಂಗಳು. ವಾಪಸ್ ಬಂದಾಗ ಅಂಟೆಲ್ಲ ಮೆತ್ತಗಾಗಿ ಆರೂ ಹಕ್ಕಿ ಮೂಗು ಕೆಳಗೆ ಮಾಡಿ ಮಲಗಿದ್ದವು. ಗ್ಲೂ ಗನ್ ಅಂಟು ಶಾಖಕ್ಕೆ ಕರಗಿ, ತಣ್ಣಗಾದಾಗ ಗಟ್ಟಿಯಾಗುವಂಥದ್ದು. ಶಾಖ ಕೊಟ್ಟರೆ ಮತ್ತೆ ಮೆತ್ತಗಾಗುತ್ತದೆ, ಅದರ ತಪ್ಪೇನಿಲ್ಲ. ತಪ್ಪು ನನ್ನದು.

ಅಂದಿನಿಂದ ನಾನೂ ತಂತಿಮಾಮನ ಪಕ್ಷ.

ಲೆಕ್ಕದಮೇಷ್ಟ್ರು · ಸೆಪ್ಟೆಂಬರ್ 7, ಸಂಜೆ 6:48

ಕುಸುದಾಮದ ಬಗ್ಗೆ ಯಾರೂ ಹೇಳಲಿಲ್ಲ. ಅದಕ್ಕೆ ಬೇಕಾದ್ದು ಸಿಂಬಿ. ಕೊಡ ಇಡಲು ಬಟ್ಟೆ ಸುತ್ತಿ ಮಾಡುತ್ತಿದ್ದರಲ್ಲ, ಅದೇ. ಇಲ್ಲಿ ಕಾಗದದ್ದು.

ಎಷ್ಟು ಅಗಲದ ಸಿಂಬಿ? ಚೆಂಡಿನ ಅರ್ಧದಷ್ಟು. ನಿಮ್ಮದು 12 ಸೆಂ.ಮೀ. ಅಂದರೆ ಸಿಂಬಿ 6 ಸೆಂ.ಮೀ. ಆಗ ಚೆಂಡು ಅದರೊಳಗೆ ಸುಮಾರು 8 ಎಂಎಂ ಮಾತ್ರ ಇಳಿಯುತ್ತದೆ. (ಚೆಂಡಿನ ತ್ರಿಜ್ಯ 6, ಸಿಂಬಿಯದು 3. 36ರಲ್ಲಿ 9 ಕಳೆದರೆ 27, ಅದರ ವರ್ಗಮೂಲ ಹತ್ತಿರ ಹತ್ತಿರ 5.2. ಆರರಲ್ಲಿ 5.2 ಹೋದರೆ 0.8.) ಸಿಂಬಿ 2 ಸೆಂ.ಮೀ. ಎತ್ತರ ಇದ್ದರೆ ಚೆಂಡು ನೆಲಕ್ಕೆ ತಾಗುವುದಿಲ್ಲ, ನೆರಳು ಚೆನ್ನಾಗಿ ಬೀಳುತ್ತದೆ. 8 ಸೆಂ.ಮೀ. ಅಗಲದ ಕಾಗದದ ಪಟ್ಟಿಯನ್ನು ಉದ್ದಕ್ಕೆ ಎರಡು ಸಲ ಮಡಚಿದರೆ ನಾಲ್ಕು ಪದರದ 2 ಸೆಂ.ಮೀ. ಪಟ್ಟಿ ಸಿಗುತ್ತದೆ. ಉದ್ದ 22 ಸೆಂ.ಮೀ. ಸಾಕು. ಒಂದು ತುದಿಯನ್ನು ಇನ್ನೊಂದರ ಪದರದೊಳಗೆ ಸುಮಾರು 3 ಸೆಂ.ಮೀ. ತೂರಿಸಿ. ಅಂಟಿಲ್ಲ, ಗೆರೆಮಡಿಕೆಯವರಿಗೂ ಖುಷಿ.

ಅಂದಹಾಗೆ ನಿಮ್ಮದು 30 ತುಂಡಿನ ಸೊನೊಬೆ ಚೆಂಡು (ಒಂದೇ ಥರ ಮಡಚಿದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ ಮಾಡುವ ಮೊನೆಮೊನೆ ಚೆಂಡು) ಆಗಿದ್ದರೆ ಸಿಂಬಿಯೇ ಬೇಡ. ಅದಕ್ಕೆ 20 ಮೊನೆ. ಯಾವ ಕಡೆ ಇಟ್ಟರೂ ಐದು ಮೊನೆ ನೆಲಕ್ಕೆ ತಾಗಿ ತಾನೇ ನಿಲ್ಲುತ್ತದೆ. ಎಂಟನೇ ತರಗತಿ ಮಕ್ಕಳಿಗೆ ಎಷ್ಟು ಮೊನೆ ತಾಗುತ್ತವೆ ಅಂತ ಕೇಳುತ್ತೇನೆ. ಎಲ್ಲರೂ ಮೂರು ಅಂತಾರೆ.

ಇನ್ನು ಭಾರ. 35 ಸೆಂ.ಮೀ. ಚೌಕದ 70 ಜಿಎಸ್‌ಎಂ ಹಾಳೆ ತೂಗುವುದು ಬರೀ 8.6 ಗ್ರಾಂ. ಎಷ್ಟು ಮಡಚಿದರೂ ಅಷ್ಟೇ. ಹಾಗಾಗಿ ಸ್ಟ್ಯಾಂಡಿಗೆ ಬಲ ಜಾಸ್ತಿ ಬೇಡ, ತಳ ಭಾರ ಇದ್ದರಾಯಿತು. ಹಿಡಿಯುವ ಜಾಗ ಹುಡುಕಲು ಹಕ್ಕಿಯನ್ನು ದಾರದಲ್ಲಿ ಒಂದು ಕಡೆಯಿಂದ ತೂಗುಹಾಕಿ ಪಕ್ಕದಿಂದ ಫೋಟೋ ತೆಗೆಯಿರಿ. ಇನ್ನೊಂದು ಕಡೆಯಿಂದ ತೂಗುಹಾಕಿ ಮತ್ತೊಂದು ಫೋಟೋ. ಎರಡರಲ್ಲೂ ದಾರದ ಗೆರೆಯನ್ನು ಕೆಳಗೆ ಎಳೆದರೆ ಅವು ಸೇರುವ ಜಾಗವೇ ಭಾರದ ನಡುಮಧ್ಯ. ತಂತಿ ಅದರ ನೇರ ಕೆಳಗೆ ಬರಲಿ.

ಬುಗುರಿ · ಸೆಪ್ಟೆಂಬರ್ 7, ರಾತ್ರಿ 9:05

ತಳದ ವಿಷಯ ನನಗೆ ಬಿಡಿ. ನಮ್ಮ ಸೋದರಮಾವ ಚನ್ನಪಟ್ಟಣದಲ್ಲಿ ಗೊಂಬೆ ಕೆಲಸ ಮಾಡುತ್ತಿದ್ದರು. ರಜೆಯಲ್ಲಿ ನಾನೂ ಪಟ್ಟಡೆಯ ಮೂಲೆಯಲ್ಲಿ ಕೂತು ನೋಡಿದವನು. ಅಲ್ಲಿನ ಗೊಂಬೆಗೆ ಹಾಲೆ ಮರ. ಬೆಳ್ಳಗೆ, ಹಗುರ, ಕಡೆಯಲು ಮೆತ್ತಗೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತದೆ. ಆಮೇಲೆ ತಾಳೆ ಗರಿಯಿಂದ ತಿಕ್ಕಿದರೆ ಹೊಳಪು. ಒಂದು ಬಿಲ್ಲೆ ಕಡೆದು ಕೊಡಿ ಅಂದರೆ ಅವರಿಗೆ ಅದು ಕಣ್ಣು ಮುಚ್ಚಿ ಮಾಡುವ ಕೆಲಸ.

ಆದರೆ ಸಾಗರದಿಂದ ಅಲ್ಲಿಗೆ ಯಾಕೆ ಹೋಗಬೇಕು. ನಿಮ್ಮ ಊರಿನ ಬಡಗಿ ಹತ್ತಿರ ಹಲಸಿನ ಮರದ ಚೂರು ಕೇಳಿ. 8 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪದ ದುಂಡು ಬಿಲ್ಲೆ 60 ಗ್ರಾಂ ಆಸುಪಾಸು ತೂಗುತ್ತದೆ. 9 ಗ್ರಾಂ ಕೊಕ್ಕರೆಗೆ ಧಾರಾಳ. ಉಪ್ಪುಕಾಗದದಲ್ಲಿ ಮೊದಲು 120, ಆಮೇಲೆ 220 ನಂಬರಿನಲ್ಲಿ ತಿಕ್ಕಿ. ಎಣ್ಣೆ ಹಚ್ಚುವ ಆಸೆ ಆಗುತ್ತದೆ, ಹಚ್ಚಬೇಡಿ. ಕಾಗದದ ಪಾದ ಎಣ್ಣೆ ಹೀರಿ ಕಪ್ಪಾಗುತ್ತದೆ. ಹಚ್ಚಿದ್ದರೆ ಚೆನ್ನಾಗಿ ಒಣಗಿಸಿ.

ಮರ ಸಿಗದಿದ್ದರೆ ತೆಂಗಿನ ಚಿಪ್ಪು ಬೋರಲು ಹಾಕಿ ಒಳಗೆ ಪ್ಲಾಸ್ಟರ್ ತುಂಬಿ. ನೋಡಲು ಗುಡ್ಡದ ಹಾಗೆ. ಗಿಡುಗಕ್ಕೆ ಚೆನ್ನಾಗಿ ಒಪ್ಪುತ್ತದೆ. ತಂತಿ ಓರೆಯಾಗಿ ಹೊರಡಲಿ, ಆದರೆ ಗಿಡುಗದ ಹೊಟ್ಟೆ ಚಿಪ್ಪಿನ ಅಂಚು ದಾಟಿ ಹೊರಗೆ ಹೋಗಬಾರದು. ಹೋದರೆ ಮಗುಚುತ್ತದೆ.

ಹೂಬುಟ್ಟಿ · ಸೆಪ್ಟೆಂಬರ್ 8, ಬೆಳಿಗ್ಗೆ 10:12

ಆನೆಗೆ ನಾನೊಂದು ಮಾಡಿದ್ದೆ. 5 ಎಂಎಂ ಅಗಲ, 1 ಎಂಎಂ ದಪ್ಪದ ಪುಟ್ಟ ಮ್ಯಾಗ್ನೆಟ್ ನಾಲ್ಕನ್ನು ನಾಲ್ಕು ಪಾದದ ಮಡಿಕೆಯೊಳಗೆ ತೂರಿಸಿ, ಬಿಸ್ಕತ್ ಡಬ್ಬಿಯ ಮುಚ್ಚಳದ ಮೇಲೆ ನಿಲ್ಲಿಸಿದೆ. ಮುಚ್ಚಳಕ್ಕೆ ಹಸಿರು ಕಾಗದ ಹೊದಿಸಿದರೆ ಹುಲ್ಲುಗಾವಲು. ಕಾಲು ಅಗಲಿಸೋದಿಲ್ಲ, ಎತ್ತಿದರೆ ಬರುತ್ತದೆ. ಸ್ಟೀಲ್ ತಟ್ಟೆ ತಗೋಬೇಡಿ, ಬಹಳಷ್ಟು ಸ್ಟೀಲ್ ಪಾತ್ರೆಗೆ ಮ್ಯಾಗ್ನೆಟ್ ಅಂಟಲ್ಲ. ನಾನು ಅರ್ಧ ಗಂಟೆ ಅಡುಗೆಮನೆಯ ತಟ್ಟೆಗಳನ್ನೆಲ್ಲ ಪರೀಕ್ಷೆ ಮಾಡಿದೆ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮಾತ್ರ ಇದು ಬೇಡವೇ ಬೇಡ. ಆ ಮ್ಯಾಗ್ನೆಟ್ ಎರಡು ನುಂಗಿದರೆ ಕರುಳಿನೊಳಗೆ ಒಂದಕ್ಕೊಂದು ಕಚ್ಚಿಕೊಂಡು ತುಂಬಾ ಅಪಾಯ.

ಕಾಗದದೋಣಿ · ಸೆಪ್ಟೆಂಬರ್ 8, ರಾತ್ರಿ 8:50

ಅಬ್ಬಾ, ಇಷ್ಟು ಉತ್ತರ! ಎಲ್ಲರಿಗೂ ಥ್ಯಾಂಕ್ಸ್. ಹಬ್ಬಕ್ಕೆ ಬರುವ ಮಕ್ಕಳು ಹತ್ತು ಹದಿನೈದು ಇರುತ್ತಾರೆ, ಮ್ಯಾಗ್ನೆಟ್ ಬಿಟ್ಟೆ. ಆನೆಗೆ ಬಸಳೆಚಪ್ಪರ ಅಕ್ಕ ಹೇಳಿದ ಲೋಳೆಯೇ. ಚೆಂಡು ಸೊನೊಬೆ ಅಲ್ಲ, ಹೂವಿನದ್ದು, ಸಿಂಬಿ ಮಾಡುತ್ತೇನೆ. ಬಡಗಿ ನಾಳೆ ಬಾ ಅಂದಿದ್ದಾರೆ.

ಕಾಗದದೋಣಿ · ಸೆಪ್ಟೆಂಬರ್ 13, ರಾತ್ರಿ 10:30

ಸುದ್ದಿ ಅರ್ಧ ಒಳ್ಳೆಯದು.

ಸಿಂಬಿ ಒಂದೇ ಸಲಕ್ಕೆ ಸರಿಯಾಯಿತು. ಮೇಷ್ಟ್ರ ಲೆಕ್ಕ ಕರೆಕ್ಟು. ಆನೆಯೂ ನಿಂತಿದೆ, ಐದು ದಿನ ಆಯಿತು. ಒಂದು ಕಾಲು ಸ್ವಲ್ಪ ಸೊಟ್ಟ ಒಣಗಿದೆ, ನಡೆಯುತ್ತಿರುವ ಹಾಗೆ ಕಾಣುತ್ತದೆ. ಅತ್ತೆಗೆ ಅದೇ ಇಷ್ಟ ಆಗಿದೆ.

ಕೊಕ್ಕರೆ ಮಾತ್ರ ಸೋಲಿಸಿತು. ಹಲಸಿನ ಬಿಲ್ಲೆ ಸಿಕ್ಕಿತು, ತಂತಿಯೂ ಸಿಕ್ಕಿತು. ತುದಿ ಚಪ್ಪಟೆ ಮಾಡಲು ಅಡಿಗಲ್ಲು ಇರಲಿಲ್ಲ. ರುಬ್ಬುವ ಕಲ್ಲಿನ ಮೇಲೆ ಇಟ್ಟು ಹೊಡೆಯಲು ಹೋಗಿ ಬೈಸಿಕೊಂಡೆ. ಹಾಗಾಗಿ ಚಪ್ಪಟೆ ಮಾಡದೆ ದುಂಡು ತಂತಿಯನ್ನೇ ಹಾಕಿದೆ. ನಿಂತಿತು! ಫ್ಯಾನ್ ಹಾಕಿದೆ. ಮೆಲ್ಲಗೆ ತಿರುಗಿ ಗೋಡೆ ಕಡೆ ಮುಖ ಮಾಡಿತು. ಮತ್ತೆ ತಿರುಗಿಸಿದೆ, ಮತ್ತೆ ಗೋಡೆ ಕಡೆ. ನನ್ನ ಮಗಳು ಅದಕ್ಕೆ ಮುನಿಸು ಕೊಕ್ಕರೆ ಅಂತ ಹೆಸರಿಟ್ಟಿದ್ದಾಳೆ.

ತಂತಿಮಾಮ · ಸೆಪ್ಟೆಂಬರ್ 13, ರಾತ್ರಿ 10:55

ಹೇಳಿದ್ದೆನಲ್ಲ ಮೇಡಂ, ಚಪ್ಪಟೆ ಮಾಡದಿದ್ದರೆ ತಿರುಗುತ್ತದೆ ಅಂತ. ಓ, ಅದನ್ನು ಬರೆದೇ ಇಲ್ಲ. ಕ್ಷಮಿಸಿ. ಚಪ್ಪಟೆ ಮಾಡುವುದೇ ಅದಕ್ಕೆ.

ಹೂಬುಟ್ಟಿ · ಸೆಪ್ಟೆಂಬರ್ 14, ಬೆಳಿಗ್ಗೆ 9:20

ಸುತ್ತಿಗೆ ಯಾಕೆ ಬೇಕು? ತುರುಬಿಗೆ ಹಾಕುವ ಯು ಪಿನ್ ನೋಡಿದ್ದೀರಲ್ಲ. ಅದನ್ನೇ ತಲೆಕೆಳಗು ಮಾಡಿ. ಎರಡು ಕಾಲು ಮರದೊಳಗೆ, ದುಂಡನೆಯ ಬೆನ್ನು ಹಕ್ಕಿಯ ಹೊಟ್ಟೆಯೊಳಗೆ. ಬೆನ್ನು ದುಂಡಗಿರುವುದರಿಂದ ಕಾಗದ ಹರಿಯಲ್ಲ. ತಂತಿ ಎರಡು ಇರುವುದರಿಂದ ತಿರುಗಲ್ಲ. ಚಿಕ್ಕ ಹಕ್ಕಿಗಳಿಗೆ ನಾನು ಆ ಯು ಪಿನ್ನನ್ನೇ ಹಾಕುತ್ತೇನೆ, ಅದು ಕಪ್ಪು ಬಣ್ಣ ಬಳಿದೇ ಬರುತ್ತದೆ. ನಿಮ್ಮ ಕೊಕ್ಕರೆ ಎತ್ತರ ಇದೆ, ಪಿನ್ ಸಾಲದು. ನಿಮ್ಮ ಹಿತ್ತಾಳೆ ತಂತಿಯನ್ನೇ ಹಾಗೆ ಬಗ್ಗಿಸಿಕೊಳ್ಳಿ.

ತಂತಿಮಾಮ · ಸೆಪ್ಟೆಂಬರ್ 14, ಬೆಳಿಗ್ಗೆ 9:41

ಇಪ್ಪತ್ತು ವರ್ಷದಿಂದ ತಂತಿ ತಟ್ಟುತ್ತಿದ್ದೇನೆ. ಇದು ಹೊಳೆಯಲೇ ಇಲ್ಲ ನೋಡಿ. ಮನೆಯವಳ ಡ್ರೆಸ್ಸಿಂಗ್ ಟೇಬಲ್ ಕಡೆ ಹೋಗಿ ಬರುತ್ತೇನೆ.

ಗೆರೆಮಡಿಕೆ · ಸೆಪ್ಟೆಂಬರ್ 14, ಸಂಜೆ 5:30

ನಾನು ತಂತಿಗೆ ವಿರುದ್ಧ, ಗೊತ್ತಲ್ಲ. ಆದರೂ ಒಂದು ಮಾತು. ಎರಡು ತಂತಿ ಪಕ್ಕಪಕ್ಕ ಇರಲೇಬೇಕು ಅಂತೇನಿಲ್ಲ. ಕೊಕ್ಕರೆಯ ಕಾಲಿನ ಹಿಂಬದಿಯಲ್ಲಿ ಮಡಿಕೆಯ ಸೀಳು ಇರುತ್ತದೆ. ಒಂದು ತಂತಿ ಅದರೊಳಗೆ ಅಡಗಲಿ. ಇನ್ನೊಂದನ್ನು ಎರಡು ಸೆಂ.ಮೀ. ದೂರ ಸರಿಸಿ, ಹಸಿರು ಕಾಗದ ಸುತ್ತಿ, ಮೇಲಿಂದ ಕೆಳಗೆ ಎರಡು ಉದ್ದ ಎಲೆ ಮಡಚಿ ಸಿಕ್ಕಿಸಿ. ಕೆರೆಯ ಜೊಂಡು ಆಗುತ್ತದೆ. ಕೊಕ್ಕರೆ ಜೊಂಡಿನ ಪಕ್ಕ ನಿಂತಿದೆ ಅಂತ ನೋಡುವವರು ಅಂದುಕೊಳ್ಳುತ್ತಾರೆ. ಎಲೆಗೆ ಕತ್ತರಿ ಹಾಕಬೇಡಿ, ಮಡಚಿಯೇ ಮಾಡಿ. ಅಷ್ಟಾದರೂ ನನ್ನ ಮಾತು ಉಳಿಯಲಿ.

ಲೆಕ್ಕದಮೇಷ್ಟ್ರು · ಸೆಪ್ಟೆಂಬರ್ 14, ಸಂಜೆ 6:15

ಕಡೆಗೂ ಬಂದರಪ್ಪ ದಾರಿಗೆ! ಚೆನ್ನಾಗಿದೆ ಐಡಿಯಾ.

1797ರಲ್ಲಿ ಕ್ಯೋಟೊದಲ್ಲಿ ಅಚ್ಚಾದ ಒಂದು ಒರಿಗಾಮಿ ಪುಸ್ತಕದಲ್ಲಿ ಒಂದೇ ಹಾಳೆಯಿಂದ ಹಲವು ಕೊಕ್ಕರೆ ಮಾಡುವ ಚಿತ್ರಗಳಿವೆ. ಕೊಕ್ಕಿಗೆ ಕೊಕ್ಕು, ರೆಕ್ಕೆಗೆ ರೆಕ್ಕೆ ಅಂಟಿಕೊಂಡೇ ಇರುತ್ತವೆ. ಅಲ್ಲಿ ಹಾಳೆಗೆ ಕತ್ತರಿ ಹಾಕಿಯೇ ಮಡಚುವುದು. ಗೆರೆಮಡಿಕೆಯವರೇ, ನಿಮ್ಮ ಶುದ್ಧಿಯ ನಿಯಮ ಅಷ್ಟೇನೂ ಹಳೆಯದಲ್ಲ ಅಂತ ಸುಮ್ನೆ ಕೆಣಕಿದೆ.

ಗೆರೆಮಡಿಕೆ · ಸೆಪ್ಟೆಂಬರ್ 14, ಸಂಜೆ 6:40

ಅದು ಬೇರೆ ಚರ್ಚೆ. ಬೇರೆ ಕಡೆ ಶುರು ಮಾಡಿ, ಬರುತ್ತೇನೆ.

ಬಸಳೆಚಪ್ಪರ · ಸೆಪ್ಟೆಂಬರ್ 15, ಬೆಳಿಗ್ಗೆ 8:30

ಇಡುವ ಜಾಗದ ಬಗ್ಗೆ ಎರಡು ಮಾತು. ಮೆಟ್ಟಿಲಿಗೆ ಹಾಸುವ ಬಿಳಿ ಪಂಚೆ ಮೆತ್ತಗಿರುತ್ತದೆ, ಬಿಲ್ಲೆ ಅದರ ಮೇಲೆ ವಾಲುತ್ತದೆ. ಪಂಚೆಯ ಅಡಿಗೆ ರಟ್ಟು ಹಾಕಿ. ದೀಪ ಆ ಮೆಟ್ಟಿಲಲ್ಲಿ ಬೇಡ, ಅದರ ಕೆಳಗಿನ ಮೆಟ್ಟಿಲಲ್ಲೂ ಬೇಡ. ಬೆಳಕು ಬೇಕಾದರೆ ಎಲ್‌ಇಡಿ ಸರ. ಹಬ್ಬ ಆದ ಮೇಲೆ ಶೋಕೇಸಿನಲ್ಲಿಡುವುದಾದರೆ ಬಿಸಿಲು ಬೀಳುವ ಕಡೆ ಬೇಡ. ಬಣ್ಣದ ಕಾಗದ ಬೇಗ ಮಾಸುತ್ತದೆ.

ಕಾಗದದೋಣಿ · ಸೆಪ್ಟೆಂಬರ್ 24, ರಾತ್ರಿ 11:05

ಗೊಂಬೆ ಕೂರಿಸಿ ಆಯಿತು. ಐದನೇ ಮೆಟ್ಟಿಲು ನನ್ನದು.

ಕೊಕ್ಕರೆ ನಿಂತಿದೆ, ಜೊಂಡಿನ ಪಕ್ಕದಲ್ಲಿ. ಫ್ಯಾನ್ ಮೂರಕ್ಕೆ ಇಟ್ಟು ನೋಡಿದೆ. ಒಂಚೂರು ತೂಗಾಡುತ್ತದೆ, ತಿರುಗುವುದಿಲ್ಲ. ಅರಿಶಿನ ಕುಂಕುಮಕ್ಕೆ ಬಂದವರು ಒಬ್ಬೊಬ್ಬರೂ ಬಗ್ಗಿ, ಒಂದು ಕಾಲಲ್ಲಿ ಹೇಗಮ್ಮಾ ನಿಲ್ಲಿಸಿದೆ ಅಂತ ಕೇಳಿದರು. ಜೊಂಡಿನ ಗುಟ್ಟು ಯಾರಿಗೂ ಹೇಳಿಲ್ಲ. ಪಕ್ಕದ ಮನೆ ಹುಡುಗ ಮಾತ್ರ ಜೊಂಡು ಹಿಡಿದು ಎಳೆದು ನೋಡಿ, ಆಂಟಿ ಇದು ಕಂಬಿ ಅಂದ.

ಗಿಡುಗ ಸೋತಿತು. ಚಿಪ್ಪಿಗೆ ಪ್ಲಾಸ್ಟರ್ ತುಂಬುವಾಗ ತಂತಿ ಹಿಡಿದುಕೊಳ್ಳುವುದು ಮರೆತೆ. ಒಣಗಿದ ಮೇಲೆ ನೋಡಿದರೆ ಅಡ್ಡ ಮಲಗಿದೆ. ಸದ್ಯಕ್ಕೆ ನೈಲಾನ್ ದಾರದಲ್ಲಿ ಮೇಲಿನಿಂದ ತೂಗುಹಾಕಿದ್ದೇನೆ. ಪಟ್ಟದ ಗೊಂಬೆಯ ತಲೆ ಮೇಲೆ ಸುತ್ತುತ್ತಿದೆ. ಅತ್ತೆ ಇನ್ನೂ ಗಮನಿಸಿಲ್ಲ.

ಬಿಸಿಲೂರು · ಸೆಪ್ಟೆಂಬರ್ 25, ಬೆಳಿಗ್ಗೆ 7:45

ಭಾರಿ ಆಗಿರಬೇಕು! ಮರಕ್ಕೆ ತೂತು ಎಷ್ಟು ಎಂಎಂ ಬಿಟ್‌ನಲ್ಲಿ ಹಾಕಿದ್ರಿ?

ಕಾಗದದೋಣಿ · ಸೆಪ್ಟೆಂಬರ್ 25, ಬೆಳಿಗ್ಗೆ 9:10

1.2. ಒಂದೂವರೆ ಸೆಂ.ಮೀ. ಆಳ. ಎರಡು ತೂತಿಗೆ ಮೂರು ಬಿಟ್ ಮುರಿದವು. ನಾಲ್ಕೈದು ತಂದಿಟ್ಟುಕೊಂಡೇ ಕೂರಿ.